ಬಯಲು ತರಗತಿಯ ನೆಲ

ನೇರಳಮಕ್ಕಿಯ ಸರ್ಕಾರಿ ಶಾಲೆಗೆ ಹೊಸ ಕಟ್ಟಡ ಬಂದಾಗ ಅದಕ್ಕೆ ಜಂಬಿಟ್ಟಿಗೆ ಕಲ್ಲು ಹೊತ್ತವಳು ಕುಮುದಾ. ಅವಳ ಜೊತೆ ಊರಾಚೆಯ ಹಸಲರ ಕೇರಿಯ ಇನ್ನೂ ಐದು ಕೂಲಿ ಹೆಂಗಸರಿದ್ದರು. ಲಾರಿ ಹೊಸನಗರದ ರಸ್ತೆಯಲ್ಲೇ ಕಲ್ಲು ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಶಾಲೆಗೆ ಏರುದಾರಿ. ಒಂದೊಂದು ಕಲ್ಲೂ ಮೂವತ್ತು ಕೆ.ಜಿ. ತೂಗುತ್ತದೆ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಕಲ್ಲು, ಬೆವರಿನ ಜೊತೆ ಕೆಂಪು ಪುಡಿ ಕಣ್ಣಿಗೆ. ನಾಲ್ಕು ತಿಂಗಳು ಹೊತ್ತಳು. ಆಮೇಲೆ ಅವಳ ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗುವುದು ನಿಂತಿತು. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕು. ಊರವರು ಅದನ್ನು ಕೊಬ್ಬು ಅಂದುಕೊಂಡರು.

ಕಟ್ಟಡದ ನಕ್ಷೆ ಬರೆದವಳು ಅಪೂರ್ವಾ ಎಂಬ ಹುಡುಗಿ. ಅಜ್ಜನ ಮನೆ ಸಾಗರದ ಕಡೆಯದು, ಓದಿದ್ದೆಲ್ಲ ಹೊರಗೆ. ಒಳ್ಳೆಯ ಹುಡುಗಿ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ಎಲ್ಲರೂ ಒಳ್ಳೆಯವರೇ. ಕರ್ಮ ಇರುವುದೇ ಅಲ್ಲಿ.

ಒಂದು ಮಧ್ಯಾಹ್ನ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಅಪೂರ್ವಾ ನಕ್ಷೆ ಹಿಡಿದುಕೊಂಡು ಬಂದು ನೆಲದಲ್ಲೇ ಕೂತಳು.

"ನೋಡಿ ಅಕ್ಕ, ಈ ಶಾಲೇಲಿ ಗಣಿತ ಬೇರೆ, ವಿಜ್ಞಾನ ಬೇರೆ, ಕನ್ನಡ ಬೇರೆ ಅಂತ ಇರಲ್ಲ. ಪಾಠಗಳ ನಡುವೆ ಗೋಡೆನೇ ಇರಲ್ಲ."

"ಹಂಗಾರೆ ನಾವು ಈ ಕಲ್ಲು ಹೊರ್ತಾ ಇರದು ಎಂತಕ್ಕೆ?" ಅಂದಳು ಕುಮುದಾ.

ಅಪೂರ್ವಾ ಬಿದ್ದು ಬಿದ್ದು ನಕ್ಕಳು. ನಕ್ಕು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಕುಮುದಾ ಮಾತ್ರ ನಗಿಸಲು ಕೇಳಿರಲಿಲ್ಲ.

ಕಟ್ಟಡ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ. ಮೂರು ಕೋಣೆ. ಮೂರರ ಬಾಗಿಲೂ ಬಯಲಿಗೇ ತೆರೆಯುತ್ತವೆ. ಮೆಟ್ಟಿಲಿನ ಅಂಚಿಗೆಲ್ಲ ಸೆಂಟಿಮೀಟರಿನ ಗೀಟು. ಮಾಡಿನ ನೀರು ಹರಿದು ಹೋಗುವ ಕಾಲುವೆಯಲ್ಲಿ ನೀರಿನ ಅಳತೆಯ ಕಲ್ಲು. ಒಂದು ಕಡೆ ತರಕಾರಿ ಮಡಿ, ಅದರಾಚೆ ಗೊಬ್ಬರದ ಗುಂಡಿ. ಎಲ್ಲದರ ನಡುವೆ ಬಯಲು ತರಗತಿ. ನಾಲ್ಕು ಕಡೆಗೂ ಗೋಡೆ ಇಲ್ಲ, ಕಂಬದ ಮೇಲೆ ಹೆಂಚಿನ ಮಾಡು, ಕೆಳಗೆ ಮಣ್ಣಿನ ನೆಲ.

ಆ ನೆಲವೇ ಮುಂದೆ ತಂಟೆ ತಂದದ್ದು.

"ಸಿಮೆಂಟ್ ಬೇಡವೇ ಬೇಡ," ಅಂದಿದ್ದಳು ಅಪೂರ್ವಾ. "ಮಕ್ಕಳು ಮಣ್ಣನ್ನ ಮುಟ್ಟಬೇಕು."

ಮಣ್ಣಿನ ನೆಲ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಕೆರಿಯಪ್ಪನಿಗೂ ಮರೆತುಹೋಗಿತ್ತು. ಅವನ ಮನೆಗೆ ಟೈಲ್ಸ್ ಹಾಕಿಸಿ ಹತ್ತು ವರ್ಷ ಆಗಿತ್ತು. ಕಲಿಸಿಕೊಟ್ಟವಳು ಕುಮುದಾ. ಕೆಮ್ಮಣ್ಣು ಜರಡಿ ಹಿಡಿಯಬೇಕು, ಕಲಸಿ ಎರಡು ದಿನ ಬಿಡಬೇಕು, ಹಾಸಿ ಹಲಗೆಯಿಂದ ಬಡಿಯಬೇಕು, ಬಿರುಕು ಬಿಟ್ಟಲ್ಲಿ ಮತ್ತೆ ಬಡಿಯಬೇಕು, ಆಮೇಲೆ ಸಗಣಿಗೆ ಮಸಿ ಸೇರಿಸಿ ಸಾರಿಸಬೇಕು. ಒಂಬತ್ತು ದಿನ ಬಡಿದಳು. ಅಪೂರ್ವಾ ಎಲ್ಲವನ್ನೂ ಫೋಟೋ ತೆಗೆದುಕೊಂಡಳು.

ಕೆರಿಯಪ್ಪ ಬೀಡಿ ಸೇದುತ್ತ ಒಂದೇ ಒಂದು ಪ್ರಶ್ನೆ ಕೇಳಿದ್ದ. "ಮಣ್ಣಿನ ನೆಲ ಅಂದ್ರೆ ವಾರಕ್ಕೊಂದ್ಸಲ ಸಾರಿಸ್ಬೇಕು ಮೇಡಂ. ನಮ್ಮ ಕಡೆ ಮಳೆಗೆ ಇರಚಲು ಹೊಡೀತದೆ. ಸಾರಿಸೋರು ಯಾರು?"

"ಎಲ್ಲಾ ಮಕ್ಕಳೂ. ಸರದಿ ಪ್ರಕಾರ," ಅಂದಳು ಅಪೂರ್ವಾ.

ಅದಕ್ಕಾಗಿ ಅವಳೇ ಪ್ಲೈವುಡ್ಡಿನಲ್ಲಿ ಒಂದು ಸರದಿ ಚಕ್ರ ಮಾಡಿಸಿ ಕಂಬಕ್ಕೆ ಹೊಡೆಸಿದಳು. ಚಕ್ರದಲ್ಲಿ ಮೂರು ಬಣ್ಣ. ಅಳತೆ ತಂಡ, ದಾಖಲೆ ತಂಡ, ಕೆಲಸದ ತಂಡ. ಅಳತೆ ತಂಡ ಟೇಪು ಹಿಡಿದು ಅಳೆಯುತ್ತದೆ. ದಾಖಲೆ ತಂಡ ನೋಡಿ ಬರೆಯುತ್ತದೆ. ಕೆಲಸದ ತಂಡ ಮಡಿ ಅಗೆಯುತ್ತದೆ, ಗುಂಡಿಗೆ ಸಗಣಿ ಹೊರುತ್ತದೆ, ನೆಲ ಸಾರಿಸುತ್ತದೆ. ಪ್ರತಿ ಶನಿವಾರ ಚಕ್ರ ಒಂದು ಮನೆ ತಿರುಗಬೇಕು. ಮೂರು ವಾರದಲ್ಲಿ ಎಲ್ಲರಿಗೂ ಎಲ್ಲವೂ ಬರಬೇಕು. ಜೂನ್ ತಿಂಗಳಲ್ಲಿ ರಿಬ್ಬನ್ ಕತ್ತರಿಸಿ, ಮೈಕಿನಲ್ಲಿ ಕುಮುದಾಳ ಹೆಸರು ಹೇಳಿ ಚಪ್ಪಾಳೆ ಹೊಡೆಸಿ, ಅಪೂರ್ವಾ ಬೇರೆ ಊರಿನ ಬೇರೆ ಶಾಲೆ ಕಟ್ಟಲು ಹೋದಳು.

ಚಕ್ರ ಒಂದು ಸಲ ತಿರುಗಿತು. ಎರಡನೇ ಶನಿವಾರ ಸಾರಿಸುವ ಸರದಿ ಶಿವರಾಮನ ಮಗನ ತಂಡಕ್ಕೆ ಬಂತು. ಶಿವರಾಮ ಶಾಲಾ ಸಮಿತಿಯ ಅಧ್ಯಕ್ಷ. ಆರು ಎಕರೆ ಜಮೀನು, ಒಂದು ಪಿಕಪ್ ಗಾಡಿ. ಮಗನಿಗೆ ಸಾರಿಸಿ ಭಾರೀ ಖುಷಿಯಾಯಿತಂತೆ. ಮೊಣಕೈವರೆಗೂ ಸಗಣಿ ಮಾಡಿಕೊಂಡು, ಹಾಗೇ ಕುಣಿದುಕೊಂಡು ಮನೆಗೆ ಹೋದ.

ಜಗುಲಿಯಲ್ಲಿ ಅವನ ಅಜ್ಜಿ ಯಮುನಮ್ಮ ಕೂತಿದ್ದಳು.

ಯಮುನಮ್ಮ ಹುಡುಗಿಯಾಗಿದ್ದಾಗ ಅವರದ್ದು ಗೇಣಿ ಮನೆ. ಒಡೆಯರ ಮನೆಯ ಅಂಗಳವನ್ನು ಅವಳ ತಾಯಿ ಸಾರಿಸುತ್ತಿದ್ದಳು, ತಾಯಿಗೆ ಸೊಂಟ ಹೋದ ಮೇಲೆ ಇವಳು ಸಾರಿಸಿದಳು. ಹನ್ನೊಂದು ವರ್ಷ. ಅಂಗಳ ಒಣಗಿದ ಮೇಲೆ ಅದೇ ಅಂಗಳಕ್ಕೆ ಇವಳು ಕಾಲಿಡುವ ಹಾಗಿರಲಿಲ್ಲ. ಗೇಣಿ ಹೋಗಿ ಜಮೀನು ಕೈಗೆ ಬಂದ ದಿನ ಅವಳು ಸಗಣಿ ಬುಟ್ಟಿಯನ್ನು ಹೊಳೆಗೆ ಎಸೆದು ಬಂದವಳು. ಈಗ ಮೊಮ್ಮಗನ ಕೈ ನೋಡಿ ಜಗುಲಿಯಿಂದ ಎದ್ದು ಬಂದಳು.

"ನನ್ನ ಮನೆ ಕುಡಿ ಊರೋರ ನೆಲ ಸಾರಿಸ್ತಾ? ಇದ್ಕೇನಾ ನಾನು ಮಂಡಿ ಸವೆಸಿದ್ದು?" ಅಂತ ಕೂಗಿದ್ದು ಹೊಸನಗರದ ಬಸ್ಸಿನಲ್ಲಿ ಕೂತವರಿಗೂ ಕೇಳಿಸಿತು.

ಅವಳ ಸಿಟ್ಟು ನ್ಯಾಯದ್ದೇ. ಕುಮುದಾ ಕೂಡ ಇವತ್ತಿಗೂ ಹಾಗೇ ಹೇಳುತ್ತಾಳೆ. ಆದರೆ ಆ ಸಿಟ್ಟು ಹೋಗಿ ಕೂತದ್ದು ಎಲ್ಲಿ ಅಂದರೆ, ಹಸಲರ ಕೇರಿಯ ಮಕ್ಕಳ ತಲೆ ಮೇಲೆ.

ಸೋಮವಾರ ಶಿವರಾಮ ಶಾಲೆಗೆ ಹೋದ. ಹೆಡ್ ಮಾಸ್ಟರ್ ರವಿಶಂಕರ ಮೇಷ್ಟ್ರು ಯಾರ ಜೊತೆಗೂ ಜಗಳ ಆಡಿದವರಲ್ಲ. ವಾರಕ್ಕೆರಡು ದಿನ ಶಾಲೆ ತಪ್ಪಿಸಿ ತೀರ್ಥಹಳ್ಳಿಯ ತಮ್ಮ ಮನೆಗೆ ಹೋಗುವವರು, ಊರವರ ಹಂಗು ಇರುತ್ತದೆ. ಮಂಗಳವಾರ ಮಕ್ಕಳ ತಂಡಗಳನ್ನು ಮತ್ತೆ ಮಾಡಿದರು. ಮೊದಲು ಮೂರೂ ತಂಡದಲ್ಲಿ ಚೆದುರಿದ್ದ ಕೇರಿಯ ಹನ್ನೊಂದು ಮಕ್ಕಳು ಈಗ ಒಂದೇ ತಂಡವಾದರು. ಕೌಶಲ್ಯದ ಆಧಾರದ ಮೇಲೆ ಅಂತ ಹಾಜರಿ ಪುಸ್ತಕದಲ್ಲಿ ಬರೆದರು. ಆಮೇಲೆ ಸರದಿ ಚಕ್ರಕ್ಕೆ ಎರಡಿಂಚಿನ ಒಂದು ಮೊಳೆ ಹೊಡೆದರು. ಅಲ್ಲಿಗೆ ಚಕ್ರ ತಿರುಗುವುದು ನಿಂತಿತು.

ಕುಮುದಾಳ ಮಗಳು ಸಿಂಚನಾ ಐದನೇ ಕ್ಲಾಸು. ಅಪ್ಪ ಮರ ಹತ್ತಿ ಬಿದ್ದು ಸತ್ತಾಗ ಅವಳಿಗೆ ಮೂರು ವರ್ಷ. ಕುಮುದಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಆಗಿನ ಮೇಷ್ಟ್ರು ದಿನಾ ಇವಳನ್ನೇ ಕಕ್ಕಸು ತೊಳೆಯಲು ಕಳಿಸುತ್ತಿದ್ದರು, ತೊಳೆದು ಬರುವಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು. ಹಾಗಾಗಿ ಮಗಳ ವಿಷಯದಲ್ಲಿ ಅವಳಿಗೆ ಇದ್ದದ್ದು ಒಂದೇ ಹಟ. ಫೆಬ್ರವರಿಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇದೆ. ಸಿಂಚನಾ ಅದರಲ್ಲಿ ಪಾಸಾಗಬೇಕು. ಪಾಸಾದರೆ ಆರರಿಂದ ಹತ್ತರವರೆಗೆ ಊಟ, ಬಟ್ಟೆ, ಪುಸ್ತಕ, ಮಂಚ. ಆಗದಿದ್ದರೆ ಸಿಂಬಿ.

ಮೊದಮೊದಲು ಮಗಳ ಕೈಯ ವಾಸನೆ ಕುಮುದಾಳಿಗೆ ಗಮನಕ್ಕೆ ಬರಲಿಲ್ಲ. ತನ್ನ ಕೈಯೂ ಅದೇ ವಾಸನೆ. ಗೊತ್ತಾದದ್ದು ನವೆಂಬರಿನಲ್ಲಿ. ಪರೀಕ್ಷೆಯ ಅರ್ಜಿಗೆ ಸಹಿ ಹಾಕುವಾಗ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಕೊಟ್ಟಿದ್ದರು. ಸಂಜೆ ಅಡಿಗೆ ಒಲೆ ಮುಂದೆ ಕೂತು ಕೇಳಿದಳು.

"ಒಂದು ಕೋಣೆ ಉದ್ದ ಆರು ಮೀಟರ್, ಅಗಲ ನಾಲ್ಕು ಮೀಟರ್. ವಿಸ್ತೀರ್ಣ ಎಷ್ಟು?"

ಸಿಂಚನಾ ಒಲೆಗೆ ಇನ್ನೊಂದು ಕಡ್ಡಿ ತುರುಕಿದಳು.

"ಮಗ್ಗಿ ಬರ್ತದಲ್ಲೇ ನಿಂಗೆ?"

"ಬರ್ತದೆ."

"ಮತ್ತೆಂತ?"

"ವಿಸ್ತೀರ್ಣ ಅಂದ್ರೆ ಎಂತ ಅಂತ ಗೊತ್ತಿಲ್ಲ ಅವ್ವ. ಅದು ಅಳತೆ ತಂಡದ ಪಾಠ."

"ನಿಂದು?"

"ಕೆಲಸದ ತಂಡ."

"ಯಾವತ್ತಿಂದ?"

"ಮಳೆ ಹಿಡಿದಾಗಿಂದ."

ಕುಮುದಾ ನೋಟ್‌ಬುಕ್ಕು ತೆಗೆಸಿದಳು. ಬಯಲು ತರಗತಿ ಅಂತ ಮೇಲೆ ಚಂದದ ಅಕ್ಷರದಲ್ಲಿ ಬರೆದಿತ್ತು. ಒಳಗೆ ಒಂದು ಹಾಳೆಯೂ ತುಂಬಿರಲಿಲ್ಲ. ಗಣಿತದ ಅರ್ಧ, ವಿಜ್ಞಾನದ ಮುಕ್ಕಾಲು, ಕನ್ನಡದ ಪ್ರಬಂಧ, ಎಲ್ಲವನ್ನೂ ಮೇಷ್ಟ್ರು ಬಯಲಲ್ಲೇ ಮಾಡುತ್ತಿದ್ದರು. ಪಾಠಗಳ ನಡುವೆ ಗೋಡೆ ಇರಲಿಲ್ಲವಲ್ಲ, ಒಂದು ತಪ್ಪಿದವರಿಗೆ ಎಲ್ಲವೂ ತಪ್ಪಿತ್ತು.

ಮಾರನೇ ದಿನ ಕೂಲಿಗೆ ಹೋಗದೆ ಶಾಲೆಗೆ ಹೋದಳು. ರವಿಶಂಕರ ಮೇಷ್ಟ್ರು ಕುರ್ಚಿಯಿಂದ ನಗುತ್ತಲೇ ಮಾತಾಡಿಸಿದರು. ಕೂರು ಅನ್ನಲಿಲ್ಲ, ಅದು ಅವರಿಗೆ ಹೊಳೆಯಲಿಲ್ಲ.

"ಸರ್, ನಮ್ಮ ಮಕ್ಳು ಬರೀ ಸಾರಿಸ್ತಾವಂತೆ. ಅಳತೆಗೂ ಹಾಕಿ ಸರ್. ಪರೀಕ್ಷೆ ಐತೆ."

"ಕುಮುದಾ, ನಿಂಗೆ ಅರ್ಥ ಆಗಿಲ್ಲ. ಇದು ಮಾಡಿ ಕಲಿಯೋ ಪದ್ಧತಿ. ಮಾಡ್ತಾ ಇರೋರು ಯಾರು? ನಿಮ್ಮ ಮಕ್ಕಳೇ. ನಿಜವಾಗಿ ಕಲೀತಾ ಇರೋರು ಅವರೇ."

"ಬುಕ್ಕು ಖಾಲಿ ಐತೆ ಸರ್."

"ಎಲ್ಲಾ ಬುಕ್ಕಲ್ಲಿ ಇರಲ್ಲ ಮಾರಾಯ್ತಿ. ನಿಮ್ಮ ಮಕ್ಕಳ ಕೈಯಲ್ಲಿ ಆ ಕಲೆ ಹುಟ್ಟಿನಿಂದ್ಲೇ ಬಂದಿದೆ. ಬೇರೆ ಮಕ್ಕಳು ಸಾರಿಸಿದ್ರೆ ನೆಲ ಗಂಟುಗಂಟಾಗ್ತದೆ. ನಿನ್ನ ಮಗಳು ಸಾರಿಸಿದ್ದು ನೋಡು, ಕನ್ನಡಿ."

ಮೇಷ್ಟ್ರು ಗಡಿಯಾರ ನೋಡಿದರು.

"ಹೆಂಗೂ ಬಂದಿದ್ದೀಯಲ್ಲ, ಆ ನೀರಿನ ಟ್ಯಾಂಕು ಒಂಚೂರು ತೊಳೆದು ಹೋಗು. ಪಾಚಿ ಕಟ್ಟಿದೆ."

ಕುಮುದಾ ಟ್ಯಾಂಕು ತೊಳೆದಳು. ಅದನ್ನೂ ಹೇಳಬೇಕು. ಒಳಗಿಳಿದು ತೆಂಗಿನ ನಾರಿನಿಂದ ಉಜ್ಜಿ, ಪಾಚಿ ಬಳಿದು, ಮೂರು ಸಲ ನೀರು ಬಿಟ್ಟು ತೊಳೆದಳು. ಮೇಲೆ ಹತ್ತಿ ಬಂದು ಸೆರಗು ಹಿಂಡುವಾಗಷ್ಟೇ ಅವಳಿಗೆ ತಾನು ಬಂದದ್ದು ಯಾತಕ್ಕೆ ಅಂತ ನೆನಪಾಯಿತು. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ಹೊಡೆದುಕೊಳ್ಳಲಿಲ್ಲ. ನಡೆದುಕೊಂಡು ಮನೆಗೆ ಹೋದಳು.

ಎಂಟು ದಿನ ಬಿಟ್ಟು ಜಿಲ್ಲೆಯಿಂದ ಒಂದು ತಂಡ ಶಾಲೆ ನೋಡಲು ಬಂತು. ಎರಡು ಜೀಪು, ಒಂದು ವ್ಯಾನು. ಮಾದರಿ ಶಾಲೆ ಅಂತ ಹೆಸರಾಗಿತ್ತು. ಅಂಗಳ ಗುಡಿಸಲು, ಎಲೆ ಬಾಚಲು ಕುಮುದಾಳನ್ನು ಕರೆಸಿದ್ದರು. ಗುಡಿಸಿ ಕಾಲುವೆ ಹತ್ತಿರ ಹಿಡಿಸೂಡಿ ಹಿಡಿದು ನಿಂತಿದ್ದಳು. ಬಯಲು ತರಗತಿಯಲ್ಲಿ ಮಕ್ಕಳು ಕೂತಿದ್ದರು. ಅಳತೆ ತಂಡದವರ ಕೈಯಲ್ಲಿ ಟೇಪು, ದಾಖಲೆ ತಂಡದವರ ಕೈಯಲ್ಲಿ ಪುಸ್ತಕ. ಕೆಲಸದ ತಂಡದವರು ಹಿಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು.

ಬಂದವರಲ್ಲಿ ಹಿರಿಯರಾದ ಒಬ್ಬ ಅಧಿಕಾರಿ ಹೆಂಗಸು ಮಕ್ಕಳ ನಡುವೆ ಕೂತು ಕೇಳಿದರು. "ಈಗ ನಾವು ಕೂತಿರೋ ಈ ನೆಲದ ವಿಸ್ತೀರ್ಣ ಎಷ್ಟು? ಯಾರು ಹೇಳ್ತೀರಿ?"

"ಎಪ್ಪತ್ತೆರಡು ಚದರ ಮೀಟರ್," ಅಂದ ಶಿವರಾಮನ ಮಗ.

ಚಪ್ಪಾಳೆ. ಅಧಿಕಾರಿ ಹಿಂದಿನ ಸಾಲಿಗೆ ಕೈ ತೋರಿಸಿದರು. "ನೀನು ಹೇಳು ಪುಟ್ಟಿ. ಎಷ್ಟು ದೊಡ್ಡದು ಈ ನೆಲ?"

ಸಿಂಚನಾ ಎದ್ದು ನಿಂತಳು. ನೆಲವನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದಳು.

"ಎರಡು ಬುಟ್ಟಿ ಸಗಣಿ ಮೇಡಂ."

"ಏನು?"

"ಎರಡು ಬುಟ್ಟಿ ಸಗಣಿ, ಆರು ಕೊಡ ನೀರು. ಇರಚಲು ಹೊಡೆದಿದ್ರೆ ಮೂರು ಬುಟ್ಟಿ. ನಾಲ್ಕು ಜನ ಸಾರಿಸಿದ್ರೆ ಮಧ್ಯಾಹ್ನದ ಬೆಲ್ಲಿಗೆ ಮುಗೀತದೆ."

ಅಧಿಕಾರಿ ಪಕ್ಕದವರ ಮುಖ ನೋಡಿದರು. ಆಮೇಲೆ ಎಲ್ಲರೂ ನಕ್ಕರು. ಅಧಿಕಾರಿ ಸಿಂಚನಾಳ ಕೆನ್ನೆ ಮುಟ್ಟಿ, "ನೋಡಿ, ಅನುಭವದ ಕಲಿಕೆ ಅಂದ್ರೆ ಇದು. ಎಷ್ಟು ಮುದ್ದಾಗಿ ಹೇಳಿದ್ಲು," ಅಂದರು. ಇನ್ನೊಬ್ಬರು ಮೊಬೈಲು ಹಿಡಿದು, "ಇನ್ನೊಂದ್ಸಲ ಹೇಳಮ್ಮ," ಅಂದರು. ಅವಳು ಇನ್ನೊಂದು ಸಲ ಹೇಳಿದಳು. ಮತ್ತೆ ನಕ್ಕರು. ರವಿಶಂಕರ ಮೇಷ್ಟ್ರು ಅವಳ ತಲೆ ಸವರಿ, ಶಾಲೆಯ ಮರ್ಯಾದೆ ಉಳಿಸಿದೆ ಅಂದರು.

ಕುಮುದಾಳ ಕೈಯಲ್ಲಿ ಹಿಡಿಸೂಡಿಯ ಕಡ್ಡಿಗಳು ಮುರಿದವು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೈಗುಳ ಅವಳಿಗೆ ಹೊಸದಲ್ಲ. ಮುದ್ದು ಮಾಡಿದ್ದನ್ನು ತಡೆಯಲಾಗಲಿಲ್ಲ.

ಸಂಜೆ ದಾರಿಯಲ್ಲಿ ಸಿಂಚನಾ ಕೇಳಿದಳು. "ಅವ್ವ, ಅವ್ರು ಯಾಕೆ ನಕ್ಕಿದ್ದು? ನಾನು ಸರಿಯಾಗೇ ಹೇಳಿದ್ನಲ್ಲ."

"ಸರಿಯಾಗೇ ಹೇಳಿದ್ದೀಯ."

"ಮತ್ತೆ?"

"ಶನಿವಾರ ಹೇಳ್ತೀನಿ," ಅಂದಳು ಕುಮುದಾ.

ಶುಕ್ರವಾರ ಕೇರಿಯ ಮನೆಮನೆಗೆ ಹೋದಳು. ಮೊಮ್ಮಕ್ಕಳಿಬ್ಬರನ್ನು ಶಾಲೆಗೆ ಕಳಿಸುತ್ತಿದ್ದ ಮುದುಕಿ ವೆಂಕಮ್ಮ ಹೆದರಿದಳು.

"ಊರೋರನ್ನ ಎದುರು ಹಾಕ್ಕಂಡು ನಾಳೆ ಕೂಲಿಗೆ ಎಲ್ಲಿಗೆ ಹೋಗದು? ಅದ್ಕಿಂತ ಮಕ್ಳನ್ನ ಶಾಲೆ ಬಿಡಿಸ್ಬಿಡದು ಒಳ್ಳೇದು."

"ಬಿಡಿಸಿದ್ರೆ ಅವ್ರಿಗೇನು ನಷ್ಟ ವೆಂಕಮ್ಮತ್ತೆ? ಕಲ್ಲು ಹೊತ್ತಿದ್ದು ನಾವು. ನೆಲ ಬಡ್ದಿದ್ದು ನಾವು. ಕೂತ್ಕಳದೂ ನಾವೇ."

"ಆತು. ಬುಕ್ಕು ಐತಾ ಎಲ್ರ ಹತ್ರ?"

"ಖಾಲಿ ಬುಕ್ಕು ಬೇಕಾದಷ್ಟು ಐತೆ."

ಶನಿವಾರ ಬೆಳಿಗ್ಗೆ ಕೇರಿಯ ಹನ್ನೊಂದು ಮಕ್ಕಳೂ ಬಂದರು, ಆರು ಹೆಂಗಸರೂ ಬಂದರು. ಯಾರೂ ಸಗಣಿ ಬುಟ್ಟಿ ಮುಟ್ಟಲಿಲ್ಲ. ಒಂದು ವಾರದ ನೆಲ, ಅಂಚಿನಲ್ಲಿ ಹಕ್ಕಳೆ ಎದ್ದಿತ್ತು. ಮಕ್ಕಳು ಅದರ ಮೇಲೆಯೇ ಮುಂದಿನ ಸಾಲಿನಲ್ಲಿ ಕೂತು ಪುಸ್ತಕ ಬಿಚ್ಚಿದರು. ಹೆಂಗಸರು ಕಂಬಕ್ಕೊಬ್ಬರಂತೆ ನಿಂತರು.

ರವಿಶಂಕರ ಮೇಷ್ಟ್ರು ಬಂದು ನೋಡಿದರು. "ಏನಿದು? ಸೋಮವಾರ ಇನ್ನೊಂದು ತಂಡ ನೋಡೋಕೆ ಬರ್ತದೆ. ಸಾರಿಸೋಕೆ ತಡ ಆಗಲ್ವಾ?"

"ಇವತ್ತು ಇವ್ರು ಬರೀತಾರೆ ಸರ್," ಅಂದಳು ಕುಮುದಾ. "ಸಾರಿಸೋ ತಂಡ ಯಾವ್ದು ಅಂತ ಚಕ್ರ ತಿರುಗಿಸಿ ನೋಡಿ."

"ಚಕ್ರ ಕೆಟ್ಟಿದೆ ಕುಮುದಾ."

"ಕೆಟ್ಟಿಲ್ಲ. ಮೊಳೆ ಹೊಡ್ದೀರಿ."

ಅವಳು ಕಾಲುವೆ ಬದಿಯಿಂದ ಒಂದು ಕಲ್ಲು ತಂದಳು. ಮೊಳೆಯನ್ನು ಆ ಕಡೆ ಈ ಕಡೆ ಬಡಿದಳು. ಎರಡಿಂಚಿನ ಮೊಳೆ, ಸುಲಭಕ್ಕೆ ಬರಲಿಲ್ಲ. ಬೆರಳು ಜಜ್ಜಿ ರಕ್ತ ಬಂತು. ಮೊಳೆಯೂ ಬಂತು. ಅದನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಚಕ್ರ ತಿರುಗಿಸಿದಳು. ಸಾರಿಸುವ ಸರದಿ ಶಿವರಾಮನ ಮಗನ ತಂಡಕ್ಕೆ ಬಂದು ನಿಂತಿತು. ಆ ಹುಡುಗ ಪಾಪ ಆಗಲೇ ತೋಳು ಮಡಚಲು ಶುರುಮಾಡಿದ್ದ. ಮೇಷ್ಟ್ರು ಅವನನ್ನು ಗದರಿ ಕೂರಿಸಿ ಶಿವರಾಮನಿಗೆ ಫೋನು ಮಾಡಿದರು.

ಶಿವರಾಮ ಪಿಕಪ್ಪಿನಲ್ಲೇ ಬಂದ. "ಎಂತ ಕುಮುದಾ ಇದು? ನಿಮ್ಮ ಕೇರಿಗೆ ರಸ್ತೆ ಮಾಡ್ಸಿದ್ದು ಯಾರು? ನೆನಪಿಟ್ಕಂಡು ಮಾತಾಡು."

"ರಸ್ತೆ ಮಾಡ್ಸಿದ್ದಕ್ಕೆ ನನ್ನ ಮಗಳು ಸಗಣಿ ಹೊರ್ಬೇಕು ಅಂತ ಎಲ್ಲಿ ಬರ್ದಿದೆ ಶಿವರಾಮಣ್ಣ?"

"ನನ್ನ ಮಗ ಮಾತ್ರ ಸಾರಿಸಲ್ಲ. ನಮ್ಮವ್ವ ಪಟ್ಟಿದ್ದು ಸಾಕು."

"ನಿಮ್ಮವ್ವ ಪಟ್ಟಿದ್ದು ನಂಗೊತ್ತು. ನಮ್ಮವ್ವನೂ ಅದನ್ನೇ ಪಟ್ಟಿದ್ದು. ನಿಮ್ಮವ್ವ ಬುಟ್ಟಿ ಹೊಳೆಗೆ ಎಸೆದ್ಲು. ನಾನೂ ಎಸೀತಾ ಇದ್ದೀನಿ. ಅಷ್ಟೇ."

ಶಿವರಾಮ ಕಾಲಲ್ಲಿ ನೆಲದ ಹಕ್ಕಳೆ ಒದ್ದ. "ಈ ಮಣ್ಣಿನ ಸಹವಾಸನೇ ಬೇಡ. ಕೆರಿಯಪ್ಪನ್ನ ಕರೀರಿ. ನಾಳೆನೇ ಸಿಮೆಂಟ್ ಹಾಕ್ಸಿ ಮುಗಿಸ್ತೀನಿ."

ಅಲ್ಲ, ಕೇಳಿ ಇದನ್ನ. ಐದು ತಿಂಗಳು ಕೇರಿಯ ಮಕ್ಕಳು ಸಾರಿಸುವವರೆಗೆ ಅದು ಭೂಮಿತಾಯಿಯ ಸ್ಪರ್ಶವಾಗಿತ್ತು. ಬೇರೆಯವರ ಸರದಿ ಬರುತ್ತಲೇ ಅದು ಬರೀ ಮಣ್ಣಾಯಿತು. ಮೇಷ್ಟ್ರು ಮರ್ಯಾದೆಗೆ ಅಪೂರ್ವಾಳಿಗೆ ಒಂದು ಫೋನು ಹಚ್ಚಿದರು. "ಸಿಮೆಂಟ್ ಬೇಡ ಸರ್, ಇಡೀ ಕಲ್ಪನೆಯೇ ಹಾಳಾಗತ್ತೆ. ಚಕ್ರ ತಿರುಗಿಸಿ ಸಾಕು," ಅಂತ ಅವಳು ಕೂಗುವುದು ಹೊರಗೆ ನಿಂತವರಿಗೂ ಕೇಳಿಸಿತು. "ಇಲ್ಲಿ ನೆಟ್‌ವರ್ಕ್ ಸಿಗ್ತಾ ಇಲ್ಲಮ್ಮ," ಅಂತ ಮೇಷ್ಟ್ರು ಇಟ್ಟುಬಿಟ್ಟರು.

ಭಾನುವಾರ ಬೆಳಿಗ್ಗೆ ಪಿಕಪ್ಪಿನಲ್ಲಿ ಸಿಮೆಂಟ್ ಬಂತು. ಮರಳು, ಜಲ್ಲಿ ರಸ್ತೆ ಬದಿಗೆ ಬಿತ್ತು. ಕೆರಿಯಪ್ಪ ಕರಣೆ ಹಿಡಿದು ಬಂದ. ಆದರೆ ಆ ಏರುದಾರಿಯಲ್ಲಿ ಹೊರುವವರು ಬೇಕಲ್ಲ. ಅಡಿಕೆ ಕೊಯ್ಲಿನ ಕಾಲ. ಆನಂದಪುರದವರೆಗೂ ಫೋನು ಮಾಡಿದರೂ ಒಬ್ಬ ಆಳು ಸಿಗಲಿಲ್ಲ. ಕೊನೆಗೆ ಕೆರಿಯಪ್ಪನೇ ಕೇರಿಗೆ ಬಂದ.

"ಬರ್ತೀವಿ," ಅಂದಳು ಕುಮುದಾ. "ಒಂದು ಮಾತು. ಕೆಲಸಕ್ಕೆ ಮುಂಚೆ ನೆಲ ಅಳೀಬೇಕು. ಅಳೆಯೋಳು ನನ್ನ ಮಗಳು."

"ಅಳೆಯೋದೆಂತಕ್ಕೆ ಮಾರಾಯ್ತಿ? ನಕ್ಷೇಲೇ ಐತಲ್ಲ. ಒಂಬತ್ತೆಂಟ್ಲಿ ಎಪ್ಪತ್ತೆರಡು."

"ಅವ್ಳು ಅಳೆಯೋವರೆಗೆ ಒಂದು ಬಾಣಲಿನೂ ಏಳಲ್ಲ."

ಹೀಗೆ ಭಾನುವಾರ ಹತ್ತು ಗಂಟೆಗೆ ಆರು ಹೆಂಗಸರು ಬಯಲು ತರಗತಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಶಿವರಾಮ ಬಿಸಿಲಲ್ಲಿ ಶತಪಥ ಹಾಕಿದ. ಸಿಮೆಂಟು ಒಣಗಲು ಒಂದು ದಿನವಾದರೂ ಬೇಕು, ನಾಳೆ ಜೀಪು ಬರುತ್ತದೆ. ಬೈದ, ಕೂಲಿ ಏರಿಸುತ್ತೇನೆ ಅಂದ, ಮತ್ತೆ ಬೈದ. ಯಾರೂ ಏಳಲಿಲ್ಲ. ರವಿಶಂಕರ ಮೇಷ್ಟ್ರು ಬೀರು ತೆಗೆದು ಅಳತೆಯ ಟೇಪು ತಂದು ಸಿಂಚನಾಳ ಕೈಗೆ ಕೊಟ್ಟರು. ಐದು ತಿಂಗಳಲ್ಲಿ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. ಎಳೆದಳು. ಬಿಟ್ಟಳು. ಅದು ಸರ್ರೆಂದು ಒಳಗೆ ಹೋಯಿತು. ಮತ್ತೆ ಎಳೆದಳು.

"ಬೇಗ, ಬೇಗ," ಅಂದ ಶಿವರಾಮ.

"ಇರಿ ಶಿವರಾಮಣ್ಣ," ಅಂದಳು ಕುಮುದಾ, ಇಡೀ ಮೈ ತಿರುಗಿಸಿ. "ಮಗು ಮಾಡಿ ಕಲೀತಾ ಐತೆ. ನಿಧಾನ ಆಗ್ತದೆ."

ಸಿಂಚನಾ ಟೇಪಿನ ಒಂದು ತುದಿ ಹಿಡಿದು ಸುತ್ತ ನೋಡಿದಳು. ಇನ್ನೊಂದು ತುದಿ ಹಿಡಿಯಲು ಅಲ್ಲಿ ಬೇರೆ ಮಕ್ಕಳು ಇರಲಿಲ್ಲ.

"ಸರ್, ನೀವು ಆ ತುದಿ ಹಿಡ್ಕಳಿ."

ಮೇಷ್ಟ್ರು ಹಿಡಿದುಕೊಂಡರು.

"ಬಗ್ಗಿ ಸರ್. ನೆಲಕ್ಕೆ ತಾಗ್ಬೇಕು."

ಬಗ್ಗಿದರು.

"ಅಲ್ಲಾಡ್ತಾ ಐತೆ. ಕೂತ್ಕಂಡೇ ಹಿಡ್ಕಳಿ."

ರವಿಶಂಕರ ಮೇಷ್ಟ್ರು ಪ್ಯಾಂಟು ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತರು. ಒಂದು ಕೈ ನೆಲಕ್ಕೆ ಊರಬೇಕಾಯಿತು. ಹಕ್ಕಳೆ ಎದ್ದ ಸಗಣಿ ಅಂಗೈಗೆ ಅಂಟಿತು. ಸಿಂಚನಾ ಇನ್ನೊಂದು ಕೊನೆಯಲ್ಲಿ 'ಒಂಬತ್ತು' ಅಂತ ಜೋರಾಗಿ ಓದಿ ಪುಸ್ತಕದಲ್ಲಿ ಬರೆದಳು. ಆಮೇಲೆ ಅಗಲ ಅಳೆದಳು. ಹುಬ್ಬು ಗಂಟಿಕ್ಕಿ ನೋಡಿದಳು.

"ಏಳೂಮುಕ್ಕಾಲು."

"ಎಂಟು," ಅಂದರು ಮೇಷ್ಟ್ರು. "ನಕ್ಷೇಲಿ ಎಂಟಿದೆ."

"ನೀವು ಯಾವತ್ತಾದ್ರೂ ಅಳೆದಿದ್ರಾ ಸರ್?"

ಮೇಷ್ಟ್ರು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದರು. ಅಳತೆ ತಂಡ ಇಷ್ಟು ದಿನ ನಕ್ಷೆಯಿಂದ ಎಪ್ಪತ್ತೆರಡು ನಕಲು ಮಾಡಿತ್ತು. ಕೆರಿಯಪ್ಪ ಆಕಾಶ ನೋಡುತ್ತ, "ಅಂಚಿನ ಕಲ್ಲು ಕಮ್ಮಿ ಬಿತ್ತು ಆಗ," ಅಂತ ಗೊಣಗಿದ. ಸಿಂಚನಾ ಪುಸ್ತಕವನ್ನು ಮಂಡಿ ಮೇಲಿಟ್ಟು, ಅವ್ವ ರಾತ್ರಿ ಹೇಳಿಕೊಟ್ಟ ಹಾಗೆ ಉದ್ದಕ್ಕೆ ಅಗಲ ಗುಣಿಸಿ ಲೆಕ್ಕ ಮಾಡಿದಳು. ಒಂಬತ್ತೇಳ್ಲಿ ಅರವತ್ಮೂರು. ಒಂಬತ್ತು ಸಲ ಮುಕ್ಕಾಲು ಅಂದರೆ ಆರೂಮುಕ್ಕಾಲು. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಅರವತ್ತೊಂಬತ್ತೂ ಮುಕ್ಕಾಲು. ಆ ಅಂಕಿಯ ಕೆಳಗೆ ಒಂದು ಗೀಟು ಎಳೆದಳು.

ರವಿಶಂಕರ ಮೇಷ್ಟ್ರು ಕೈ ಒರೆಸಿಕೊಂಡು ಏಳಲು ಹೋದರು. ಮಂಡಿ ಹಿಡಿದುಕೊಂಡಿತ್ತು.

"ಏಳ್ಬೇಡಿ ಸರ್," ಅಂದಳು ಸಿಂಚನಾ, ಟೇಪು ಎಳೆಯುತ್ತ. "ಆ ಕಡೆ ಅಗಲನೂ ಅಷ್ಟೇ ಐತಾ ನೋಡ್ಬೇಕು."